ಒದ್ದೆ ಬಟ್ಟೆಯ ಪ್ರಮಾಣ

ಮತ್ತೆ ತುಟಿ ಅಲ್ಲಾಡುತ್ತಿದೆ, ಕಾರಿನ ಮುಂದಿನ ಸೀಟಿನಲ್ಲಿ ಕೂತು, ಬಿಸಿಲಿಗೆ ಅಡ್ಡ ಇಳಿಬಿಡುವ ಪಟ್ಟಿಯ ಹಿಂದಿನ ಅಂಗೈಯಗಲದ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತ ಬಾಯಿಪಾಠ ಮಾಡುತ್ತಿದ್ದಾನೆ, ಹಿಂದೆ ಕೂತ ಗಂಗಾಲಕ್ಷ್ಮಿಗೆ ಕಾಣುವುದು ಗಂಡನ ಆ ತುಟಿ, ತುಟಿಯ ಮೇಲಿನ ಮೀಸೆ, ಮೀಸೆಯ ಗಡಿ ದಾಟಿ ಚರ್ಮಕ್ಕೂ ಮೆತ್ತಿಕೊಂಡ ಕರಿಬಣ್ಣ, ಅಷ್ಟೇ, ಅಷ್ಟು ಕಂಡರೆ ಇಡೀ ಗುರುವಪ್ಪ ಕಂಡ ಹಾಗೆ — ಗುರುವಪ್ಪ ಆದ ನಾನು, ಅನ್ನುತ್ತಾನೆ, ನಿಲ್ಲುತ್ತಾನೆ, ಗಂಟಲು ಸರಿಮಾಡಿಕೊಳ್ಳುತ್ತಾನೆ, ಗುರುವಪ್ಪ ಆದ ನಾನು, ಅಯ್ಯೋ ಮುಠ್ಠಾಳ, ಅದು ವಿಧಾನಸೌಧದಲ್ಲಿ ಹೇಳೋದು, ಗಣಪತಿ ಮುಂದೆ ಹೇಳೋದಲ್ಲ, ಆದರೆ ಅವನಾದರೂ ಏನು ಮಾಡುತ್ತಾನೆ, ಈ ಜನ್ಮದಲ್ಲಿ ಮಾಡಿದ ಪ್ರಮಾಣವೆಲ್ಲ ಅದೇ ಧಾಟಿಯಲ್ಲಿ, ಒಂದು ಸಲ ದೇವರ ಹೆಸರಿನಲ್ಲಿ, ಇನ್ನೊಂದು ಸಲ ರೈತರ ಹೆಸರಿನಲ್ಲಿ, ದಿಲ್ಲಿಯಲ್ಲಿ ತಾಯಿಯ ಹೆಸರಿನಲ್ಲಿ ಅಂತ ಹೊರಟಿದ್ದನಂತೆ, ಅಲ್ಲಿನವರು ತಡೆದು ತಿದ್ದಿದರಂತೆ, ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ, ನಾನು ಹೆತ್ತೋಳನ್ನ ಮರೆಯೋನಲ್ಲ ಕಣಯ್ಯಾ — ಹೆತ್ತವಳು ದೊಡ್ಡವೆಂಕಟಮ್ಮ ಆಗ ಬೈರಕೂರಿನಲ್ಲಿ ಕಣ್ಣಿಗೆ ಪೊರೆ ಬಂದು ಗೋಡೆ ತಡವಿಕೊಂಡು ಓಡಾಡುತ್ತಿದ್ದಳು, ಅವಳನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಣ್ಣು ತೆರೆಸಿದವಳು ಸೊಸೆ, ಅದೂ ಬಸ್ಸಿನಲ್ಲಿ. ಟೊಮೆಟೊ ಹೇರಿದ ಲಾರಿಯೊಂದು ಪಕ್ಕದಲ್ಲೇ ಬರುತ್ತಿದೆ, ಗಾಜು ಏರಿಸಿದ್ದರೂ ಕೊಳೆತ ಹಣ್ಣಿನ ಹುಳಿ ವಾಸನೆ ಒಳಗೆ ಬರುತ್ತದೆ, ಗುರುವಪ್ಪ ಶಾಲಿನ ತುದಿ ಮೂಗಿಗೆ ಹಿಡಿಯುತ್ತಾನೆ. ಈ ವಾಸನೆಯ ಜನರ ವೋಟು ಮಾತ್ರ ಬೇಕು.

ನಿನಗೆ ಒಂದೇ ವಾಕ್ಯ ಕಣೇ ಗಂಗಾ, ತಿರುಗಿ ನೋಡದೆಯೇ ಹೇಳುತ್ತಾನೆ, ಕನ್ನಡಿಯ ತುಟಿ ಹೇಳುತ್ತದೆ, ನನ್ನ ಗಂಡ ಅವತ್ತು ಆಸ್ಪತ್ರೇಲಿದ್ರು, ನಾನು ಪಕ್ಕದಲ್ಲೇ ಇದ್ದೆ, ಅಷ್ಟೇ, ಹೇಳಿ ಕರ್ಪೂರ ತಟ್ಟಿ ಆರಿಸ್ಬಿಡು, ಹ್ಞೂಂ ಅನ್ನು ಒಂದ್ಸಲ — ಅವಳು ಹ್ಞೂಂ ಅನ್ನುವುದಿಲ್ಲ, ಉಹ್ಞೂಂ ಅಂತಲೂ ಅನ್ನುವುದಿಲ್ಲ, ಕಿಟಕಿಯಾಚೆ ನೋಡುತ್ತಾಳೆ, ಅವನು ಅದನ್ನೇ ಒಪ್ಪಿಗೆ ಅಂದುಕೊಳ್ಳುತ್ತಾನೆ, ಸುಮ್ಮನಿರುವುದನ್ನೆಲ್ಲ ಒಪ್ಪಿಗೆ ಅಂದುಕೊಂಡೇ ಅವನು ಇಷ್ಟು ಎತ್ತರಕ್ಕೆ ಹೋದದ್ದು. ಹೋದ ವಾರ ಅವಳು ಅಡುಗೆಮನೆ ಹೊಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಟೀವಿಯಲ್ಲಿ ಬಂದ, ಮುಳಬಾಗಿಲಿನ ಪತ್ರಕರ್ತರ ಮುಂದೆ ಮೇಜು ಗುದ್ದಿ, ಕಾಣಿಪಾಕದ ಗಣಪತಿ ಮುಂದೆ ಬರ್ಲಿ ಆ ಶ್ರೀರಾಮಪ್ಪ, ನಾನೂ ನನ್ನ ಹೆಂಡ್ತಿ ಇಬ್ರೂ ಒದ್ದೆ ಬಟ್ಟೇಲಿ ಪ್ರಮಾಣ ಮಾಡ್ತೀವಿ, ಅಂದ, ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು, ನಾನೂ ನನ್ನ ಹೆಂಡ್ತಿ, ಕೇಳಿದನಾ, ಒಂದು ಮಾತು ಕೇಳಿದನಾ, ಮನೆಯ ಎಮ್ಮೆಯನ್ನು ಸಂತೆಗೆ ಹೊಡೆಯುವಾಗಲೂ ಎಮ್ಮೆಯ ಬೆನ್ನು ಸವರುತ್ತಾರೆ. ಶ್ರೀರಾಮಪ್ಪನೇನು ಕಡಿಮೆಯವನಲ್ಲ, ಮೂರು ಪಕ್ಷದ ಉಪ್ಪು ತಿಂದು ನಾಲ್ಕನೆಯದರ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತವನು, ಆದರೆ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಅವನು ಕೇಳಿದ ಪ್ರಶ್ನೆ ಮಾತ್ರ ಸರಿಯಾಗಿ ಬಿತ್ತು, ಮಾವನ ಬೆನ್ನಿಗೆ ಚೂರಿ ಹಾಕಿದೋನು ಮಾವನ ಊರಲ್ಲಿ ಯಾವ ಮುಖ ಇಟ್ಕೊಂಡು ವೋಟು ಕೇಳ್ತಾನಪ್ಪಾ, ಅಂದ, ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಎಂದಿನಂತೆ ಮುಟ್ಟಿ ನೋಡಿಕೊಂಡ.

ಆ ಮಾವ ಅವಳ ಅಪ್ಪ. ವೆಂಕಟರಾಯಪ್ಪ ಅಂದರೆ ಶ್ರೀನಿವಾಸಪುರದ ಕಡೆ ಇವತ್ತಿಗೂ ಮುದುಕರು ಕೂತಲ್ಲಿಂದ ಎದ್ದುಬಿಡುತ್ತಾರೆ, ಬರೀ ಹೆಸರಿಗೆ ಎದ್ದುಬಿಡುತ್ತಾರೆ, ಮಂತ್ರಿಯಾದ ಮೇಲೂ ತನ್ನ ಜುಬ್ಬಾ ತಾನೇ ಒಗೆದು ತಾನೇ ಹಗ್ಗಕ್ಕೆ ಹಾಕಿಕೊಳ್ಳುತ್ತಿದ್ದ ಮನುಷ್ಯ, ಬಟ್ಟೆ ಹಿಂಡುವುದು ನೋಡಿದರೆ ಮನುಷ್ಯ ಗೊತ್ತಾಗ್ತಾನಮ್ಮ, ಅರ್ಧಂಬರ್ಧ ಹಿಂಡೋನು ಎಲ್ಲದರಲ್ಲೂ ಅರ್ಧಂಬರ್ಧವೇ, ಅನ್ನುತ್ತಿದ್ದ, ಅಂಥ ಅಪ್ಪನಿಗೆ ಮನುಷ್ಯ ಗೊತ್ತಾಗದೆ ಹೋದದ್ದು ಒಂದೇ ಸಲ, ಕೋಲಾರದ ಕಾಲೇಜಿನ ಮುಂದೆ ಗಂಟಲು ಹರಿಯುವ ಹಾಗೆ ಧಿಕ್ಕಾರ ಕೂಗುತ್ತಿದ್ದ ಬೈರಕೂರಿನ ಹುಡುಗನನ್ನು ಜೀಪಿಗೆ ಹತ್ತಿಸಿಕೊಂಡು ಮನೆಗೆ ಕರೆತಂದ ದಿನ, ಗಂಟಲಿದೆ, ಗುಂಡಿಗೆ ನಾವು ಬೆಳೆಸಿದರೆ ಬೆಳೀತದೆ, ಅಂದ. ಗಂಟಲು ಬೆಳೆಯಿತು. ಮೊದಲು ಮಗಳನ್ನು ಕೊಟ್ಟ, ಆಮೇಲೆ ಮಾಲೂರಿನ ಟಿಕೆಟ್ಟು ಕೊಡಿಸಿದ, ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆ ಒಂದನ್ನೂ ಬಿಡದೆ ಅಳಿಯನ ಕೈ ಹಿಡಿದುಕೊಂಡು ತಿರುಗಿದ, ನನ್ನ ಮುಖ ನೋಡಿ ಇವನಿಗೆ ಹಾಕ್ರಪ್ಪಾ, ಅಂತ ತನ್ನ ಜೀವಮಾನದಲ್ಲಿ ತನಗಾಗಿ ಬೇಡದವನು ಇವನಿಗಾಗಿ ಬೇಡಿದ, ಜನ ಹಾಕಿದರು, ಗೆದ್ದ ರಾತ್ರಿ ಇವನು ಹಾರದ ಭಾರಕ್ಕೆ ಕತ್ತು ವಾಲಿಸಿಕೊಂಡು ಬಂದು, ನೋಡಿದ್ಯಾ ಗಂಗಾ ನನ್ ತಾಕತ್ತು, ಅಂದ, ಅವಳು ಹಾರಗಳನ್ನು ಒಂದೊಂದಾಗಿ ತೆಗೆದು ಮೂಲೆಗಿಟ್ಟಳು, ಮೇಕೆ ಬಂದು ತಿಂದಿತು. ಅವಳಿಗೆ ಆಗಲೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಆಗ ಈ ಮೀಸೆ ತಾನಾಗಿಯೇ ಕಪ್ಪಗಿತ್ತು, ಅವನು ಭಾಷಣ ಮಾಡುವಾಗ ಅವಳೂ ಜನರ ನಡುವೆ ನಿಂತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು, ಪೆದ್ದಿ.

ಅಮ್ಮಾವ್ರೇ ಎಸಿ ಜಾಸ್ತಿ ಆಯ್ತಾ, ಕದಿರೇಶ್ ಕೇಳುತ್ತಾನೆ, ಈ ಕಾರಿನಲ್ಲಿ ಮನುಷ್ಯರ ಮಾತು ಆಡುವವನು ಡ್ರೈವರ್ ಒಬ್ಬನೇ, ಬೇಡಪ್ಪಾ ಇರ್ಲಿ, ಅನ್ನುತ್ತಾಳೆ, ಮುಳಬಾಗಿಲು ಬಂತು, ಬೆಟ್ಟದ ಬಂಡೆಗಳು ಬೆಳಗಿನ ಬಿಸಿಲಿಗೆ ಹೊಳೆಯುತ್ತಿವೆ, ನಿಲ್ಸೋ ಇಲ್ಲಿ, ಅನ್ನುತ್ತಾನೆ ಗುರುವಪ್ಪ, ಪ್ರಮಾಣ ಮುಗಿಯೋವರೆಗೂ ಹನಿ ನೀರೂ ಮುಟ್ಟಲ್ಲ ಅಂತ ನಿನ್ನೆ ಟೀವಿಯವರಿಗೆ ಹೇಳಿದವನು ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋಗುತ್ತಾನೆ, ಮುಳಬಾಗಿಲಿನ ದೋಸೆ ಬಿಡಲಿಕ್ಕಾಗುತ್ತದೆಯೇ, ತುಪ್ಪದ ವಾಸನೆ ಕಾರಿನ ತನಕ ಬರುತ್ತದೆ, ಅವನು ತಿನ್ನಲಿ, ಹೊಟ್ಟೆ ತುಂಬ ತಿನ್ನಲಿ, ಆದರೆ ಹೊರಗೆ ಬಂದು ಮೀಸೆ ಒರೆಸಿಕೊಂಡು ಉಪವಾಸದ ಮುಖ ಹಾಕುತ್ತಾನಲ್ಲ, ಯಾರೂ ಇಲ್ಲದ ರಸ್ತೆಯಲ್ಲೂ ಹಾಕುತ್ತಾನಲ್ಲ, ಅದನ್ನು ನೋಡಿ ಅವಳಿಗೆ ಹೊಟ್ಟೆಯಿಂದ ನಗು ಬರುತ್ತದೆ, ನಗು ಅಲ್ಲ, ಹೇಸಿಗೆ, ಎರಡೂ ಒಂದೇ ದಾರಿಯಲ್ಲಿ ಬರುತ್ತವೆ. ಫೋನು ಗುಯ್ಗುಡುತ್ತದೆ, ಮಗ ನರೇಶ, ಅಮ್ಮಾ ಹೊರಟ್ರಾ, ನೋಡಮ್ಮ ನೀನು ಹಟ ಮಾಡ್ಬೇಡ, ಅಜ್ಜನ ಕಡೆಯೋರೆಲ್ಲ ನಿನ್ನ ಒಂದು ಮಾತಿಗೆ ಕಾಯ್ತಾವ್ರೆ, ಅಪ್ಪ ಹೇಳಿದ್ರೆ ನಂಬಲ್ಲ ಅವ್ರು, ನೀನು ವೆಂಕಟರಾಯಪ್ಪನ ಮಗಳು, ನೀನು ಹೇಳಿದ್ರೆ ನಂಬ್ತಾರೆ, ಈ ಟಿಕೆಟ್ ಸಿಕ್ಕಿದ್ರೆ ಅಪ್ಪಂಗೆ ಕೊನೇದು, ಮುಂದಿನದು ನಂದು — ಎಷ್ಟು ಚೆನ್ನಾಗಿ ಹೇಳಿದ, ನೀನು ಹೇಳಿದರೆ ನಂಬುತ್ತಾರೆ, ಅದಕ್ಕೇ ಅಲ್ಲವೇ ಇವಳನ್ನು ಕಾರಿಗೆ ಹತ್ತಿಸಿಕೊಂಡಿರುವುದು, ಮನೆಯಲ್ಲಿ ಅಪ್ಪ ಬಿಟ್ಟುಹೋದದ್ದೆಲ್ಲ ಗುರುವಪ್ಪ ಬಳಸಿ ಮುಗಿಸಿದ, ಅಪ್ಪನ ಫೋಟೊ, ಅಪ್ಪನ ಕ್ಷೇತ್ರ, ಅಪ್ಪನ ಊರಿನ ಮುದುಕರು, ಬಳಸದೆ ಉಳಿದಿರುವುದು ಇವಳ ನಾಲಗೆ ಒಂದೇ. ಆಯ್ತು ಇಡೋ, ಅನ್ನುತ್ತಾಳೆ.

ಆ ದಿನ. ಆ ದಿನವನ್ನು ಅವಳು ನೆನೆಯುವುದಿಲ್ಲ, ಅದೇ ಬಂದು ಎದುರಿಗೆ ಕೂರುತ್ತದೆ, ಸರ್ಕಾರ ಬೀಳುತ್ತದೆ ಉಳಿಯುತ್ತದೆ ಅನ್ನುವ ದಿನಗಳು, ವಿಧಾನಸೌಧದಲ್ಲಿ ನಾಳೆ ವಿಶ್ವಾಸಮತ, ಒಂದೊಂದು ವೋಟಿಗೂ ಉಸಿರು ಬಿಗಿಹಿಡಿದು ಕೂತಿದ್ದಾರೆ, ಅಪ್ಪ ಮಂತ್ರಿ, ಇವನು ಅದೇ ಪಕ್ಷದ ಶಾಸಕ, ಕೋಲಾರದ ಮನೆಯ ಫೋನು ಹೊಡೆದುಕೊಂಡಿತು, ಇವನದೇ ದನಿ, ಗಂಗಾ ಎದೆ ಹಿಡ್ಕೊಂಡ್ಬಿಡ್ತು ಕಣೇ, ಬೆಂಗಳೂರಲ್ಲಿ ಆಸ್ಪತ್ರೆಗೆ ಸೇರಿಸವ್ರೆ, ಯಾವ ಆಸ್ಪತ್ರೆ ಕೇಳ್ಬೇಡ, ಡಾಕ್ಟ್ರು ಯಾರ್ನೂ ಒಳಗೆ ಬಿಡ್ತಿಲ್ಲ, ನಿಮ್ಮಪ್ಪಂಗೆ ನೀನೇ ಹೇಳ್ಬಿಡು — ಹಿಂದೆ ಯಾರೋ ನಕ್ಕ ಹಾಗಿತ್ತು, ದೊಪ್ಪನೆ ನೀರು ಬಿದ್ದ ಸದ್ದು, ಆಸ್ಪತ್ರೆಯಲ್ಲಿ ನೆಲ ತೊಳೆಯುತ್ತಿರಬೇಕು ಅಂದುಕೊಂಡಳು, ನಿಜವಾಗಿ ಅಂದುಕೊಂಡಳು, ಫೋನಿಟ್ಟು ದೇವರ ಮುಂದೆ ಕೂತುಬಿಟ್ಟಳು, ಅನ್ನ ಮುಟ್ಟಲಿಲ್ಲ, ಕುರುಡುಮಲೆ ಗಣಪನಿಗೆ ಹರಕೆ ಹೊತ್ತಳು, ಸಂಜೆ ಅಪ್ಪನ ಫೋನು, ಏನಮ್ಮ, ಗುರುವಪ್ಪ ಎಲ್ಲೂ ಸಿಕ್ತಾ ಇಲ್ಲ, ನಾನು ಎಲ್ಲರ ಮುಂದೆ ಅವನಿಗೆ ನಾನು ಜವಾಬ್ದಾರಿ ಅಂದಿದ್ದೀನಿ, ಅಂದ ಅಪ್ಪ, ಇವಳು ಅಳುತ್ತ ಹೇಳಿದಳು, ಎದೆನೋವಂತೆ ಅಪ್ಪಾ, ಆಸ್ಪತ್ರೇಲವ್ರಂತೆ, ಅಪ್ಪನೇ ಸಮಾಧಾನ ಮಾಡಿದ, ವೋಟು ಹೋದರೆ ಹೋಗ್ಲಮ್ಮ, ಮನುಷ್ಯ ಉಳೀಲಿ, ನೀನು ಊಟ ಮಾಡು, ಅಂದ. ಮರುದಿನ ಸರ್ಕಾರ ಕೂದಲೆಳೆಯ ಅಂತರದಲ್ಲಿ ಬಿತ್ತು. ಇವನು ಮಾತ್ರ ಬೀಳಲಿಲ್ಲ, ಆಸ್ಪತ್ರೆಯ ಚೀಟಿ ಇತ್ತಲ್ಲ, ಪಕ್ಷದ ಮಾತು ಮೀರಿದ ಅಂತ ಯಾರೂ ಅನ್ನುವ ಹಾಗಿಲ್ಲ, ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ, ಅಪ್ಪ ಒಬ್ಬ ಮುರಿದ. ಜನ ಗುಸುಗುಸು ಅಂದಾಗ ಇವನು ಎದೆ ಮುಟ್ಟಿಕೊಂಡು, ನನ್ನ ಹೆಂಡ್ತಿ ಹಗಲೂ ರಾತ್ರಿ ಮಂಚದ ಪಕ್ಕ ಕೂತಿದ್ಲು, ಅವಳನ್ನ ಕೇಳ್ರಿ, ಅಂತ ಶುರು ಮಾಡಿದ, ಅವಳನ್ನು ಯಾರೂ ಕೇಳಲಿಲ್ಲ, ಕೇಳುವವರು ಬಂದಾಗ ಕಾಫಿ ತರಲು ಅವಳು ಒಳಗೆ ಹೋಗಿರುತ್ತಿದ್ದಳು, ಅಥವಾ ಇವನೇ ಕಳಿಸುತ್ತಿದ್ದ. ಹಗ್ಗದ ಮೇಲೆ ಕೆಂಪಗೆ, ಬೇಡ, ಅದು ಈಗ ಬೇಡ.

ಎದೆನೋವಿಗೆ ದಿಲ್ಲಿ ಸಿಕ್ಕಿತು. ವರ್ಷ ತಿರುಗುವುದರೊಳಗೆ ಸರ್ಕಾರ ಬೀಳಿಸಿದ ಆ ಕಡೆಯವರೇ ಇವನನ್ನು ರಾಜ್ಯಸಭೆಗೆ ಕಳಿಸಿದರು, ಹೊಸ ಕೋಟು ಹೊಲಿಸಿಕೊಂಡ, ವಿಮಾನ ಹತ್ತುವ ಮುಂಚೆ ಕೋಲಾರಮ್ಮನ ಗುಡಿಯಲ್ಲಿ ಕಣ್ಣೀರು ಹಾಕಿದ, ಚಿನ್ನದ ನಾಡಿನ ಮಗ ದಿಲ್ಲೀಲಿ ಗುಡುಗ್ತಾನೆ ಅಂತ ಗೋಡೆಗೋಡೆಗೂ ಬರೆಸಿದ, ಗುಡುಗುವುದನ್ನು ಊರು ಕಾಯಿತು, ಬೈರಕೂರಿನಲ್ಲಿ ಒಂದೇ ಮನೆಯ ಟೀವಿಯ ಮುಂದೆ ಜನ ಸೇರುತ್ತಿದ್ದರು, ಮಾತಾಡುವವರ ಹಿಂದೆ ಇವನ ತಲೆ ಕಂಡರೆ ಸಾಕು ಮನೆಗೆ ಫೋನು, ಅಕ್ಕಾ ಅಣ್ಣ ಕಾಣಿಸಿದ್ರು, ಚೆನ್ನಾಗವ್ರೆ, ನಿದ್ದೆ ಮಾಡ್ತಿದ್ರು, ಅಂತ, ನಿಜವಾದ ಸಂತೋಷದಿಂದ ಹೇಳುತ್ತಿದ್ದರು, ಪಾಪ. ಆರು ವರ್ಷ ಅವಳು ಆ ಸರ್ಕಾರಿ ಫ್ಲಾಟಿನಲ್ಲಿ ರಾಗಿಮುದ್ದೆ ಕೂಡಿಸಿ ಕೂಡಿಸಿ ಹಾಕಿದಳು, ತಾಜಮಹಲು ನೋಡಲು ಬಂದ ಕ್ಷೇತ್ರದ ಜನ ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದರು, ಅವರಿಗೆ ಇವನು ಪಾರ್ಲಿಮೆಂಟಿನಲ್ಲಿ ತಾನು ಆಡಿದ ಭಾಷಣ ಹೇಳುತ್ತಿದ್ದ, ಕೈ ಬೀಸಿ, ಧ್ವನಿ ಏರಿಸಿ, ಅಧ್ಯಕ್ಷರು ಬೆಲ್ ಹೊಡೆದ್ರೂ ಬಿಡ್ಲಿಲ್ಲ ಕಣ್ರಯ್ಯಾ, ಅಡುಗೆಮನೆಯಲ್ಲಿ ಕೂತು ಕೇಳಿಸಿಕೊಂಡ ಅವಳಿಗೆ ಗೊತ್ತು, ಆಡಿದ್ದು ಒಂದೇ ಸಲ, ನಮ್ಮ ಕಡೆ ರೈಲು ನಿಲ್ಲಿಸಬೇಕು ಅಂತ, ಅದನ್ನೂ ಯಾರೋ ಬರೆದುಕೊಟ್ಟಿದ್ದನ್ನು ಓದಿದ್ದು, ರೈಲು ನಿಲ್ಲಲಿಲ್ಲ. ಆಮೇಲೆ ಊರಿಗೆ ಮರಳಿ ಬಂದು, ಅಪ್ಪ ಸತ್ತು ದಿಕ್ಕಿಲ್ಲದಂತಾಗಿದ್ದ ಶ್ರೀನಿವಾಸಪುರಕ್ಕೆ ನಿಂತ, ಅಪ್ಪನ ಫೋಟೊ ತಬ್ಬಿಕೊಂಡು ವೇದಿಕೆಯ ಮೇಲೆ ಅತ್ತ, ಗೆದ್ದ, ಮತ್ತೆ ನಿಂತು ಸೋತ, ಪಕ್ಷ ಬಿಟ್ಟ, ಬಿಟ್ಟ ಪಕ್ಷಕ್ಕೇ ಮರಳಿ ಬಂದ, ಅತ್ತೆ ದೊಡ್ಡವೆಂಕಟಮ್ಮ ಬದುಕಿದ್ದಾಗ ಒಮ್ಮೆ ಬಾಗಿಲಲ್ಲಿ ಎಲೆಯಡಿಕೆ ಕುಟ್ಟುತ್ತ ಅಂದಿದ್ದಳು, ನಾಚಿಕೆಗೆಟ್ಟೋನ ಬೆನ್ನ ಮೇಲೆ ಮರ ಹುಟ್ಟಿದ್ರೆ ನೆರಳಾಯ್ತು ಅಂದ್ನಂತೆ, ನನ್ನ ಹೊಟ್ಟೇಲೇ ಹುಟ್ಟಬೇಕಾಗಿತ್ತಾ ಆ ಮರ, ಅಂತ. ಸೊಸೆ ನಗು ತಡೆಯಲಾರದೆ ಒಳಗೆ ಓಡಿದ್ದಳು.

ನಂಗಲಿ ದಾಟಿತು, ಗಡಿ ದಾಟಿತು, ಅಂಗಡಿ ಬೋರ್ಡುಗಳೆಲ್ಲ ತೆಲುಗು, ಮಾತು ಮಾತ್ರ ಆ ಕಡೆಯೂ ಈ ಕಡೆಯೂ ಅದೇ ಕಲಸುಮೇಲೋಗರ, ಗುರುವಪ್ಪ ಸೀಟು ಹಿಂದಕ್ಕೆ ವಾಲಿಸಿಕೊಂಡು ಗೊರಕೆ ಹೊಡೆಯುತ್ತಿದ್ದಾನೆ, ದೋಸೆಯ ಗೊರಕೆ, ಸುಳ್ಳು ಹೇಳಲು ಹೋಗುವವನಿಗೆ ಇಷ್ಟು ನಿದ್ದೆ ಎಲ್ಲಿಂದ ಬರುತ್ತದೋ, ಕಾಣಿಪಾಕದ ಗಣಪತಿಯ ಮುಂದೆ ಸುಳ್ಳಾಡಿದರೆ ಉಳಿಯುವುದಿಲ್ಲ ಅಂತ ಈ ಸೀಮೆಯಲ್ಲಿ ಕುರಿ ಕದ್ದವನೂ ಅಲ್ಲಿಯ ಮೆಟ್ಟಿಲು ಕಂಡರೆ ಬಾಯಿ ಬಿಡುತ್ತಾನೆ, ಹೆಂಡತಿಗೆ ಹೊಡೆಯುವವನೂ ಹೆಂಡ ಕುಡಿಯುವವನೂ ಅಲ್ಲಿ ಬಿಟ್ಟೆ ಅಂದರೆ ಬಿಟ್ಟ ಅಂತಲೇ ಲೆಕ್ಕ, ಇವನಿಗೆ ಮಾತ್ರ ಅದೂ ಒಂದು ಮೈಕು. ಹಗ್ಗದ ಮೇಲೆ ಕೆಂಪಗೆ — ಬಂದೇಬಿಟ್ಟಿತು, ಬರಲಿ, ಸರ್ಕಾರ ಬಿದ್ದ ಮೇಲೆ ಇವನು ಮನೆಗೆ ಬಂದ, ಮುಖದ ಚರ್ಮ ಬಿಸಿಲಿಗೆ ಸುಟ್ಟ ಹಾಗಿತ್ತು, ಆಸ್ಪತ್ರೆಯಿಂದ ಬಂದವನು ಬಿಳಚಿಕೊಂಡಿರಬೇಕಲ್ಲವೇ, ಅವಳಿಗೆ ಹೊಳೆಯಲಿಲ್ಲ, ಹೊದಿಸಿ ಮಲಗಿಸಿ ಅವನ ಚೀಲ ಬಿಚ್ಚಿದಳು, ಬಟ್ಟೆಗಳ ಅಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಕೆಂಪು ಚಡ್ಡಿ, ತುಂಡು ಚಡ್ಡಿ, ಇನ್ನೂ ಒದ್ದೆ, ಮೈಗಂಟಿ ಜಾರುವಂಥ ನುಣ್ಣನೆ ಬಟ್ಟೆ, ಕುಡಿಯುವ ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರಿನ ವಾಸನೆ, ಇಂಥದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ, ಈಜುವ ನೀರು ಇವರ ಕಡೆ ಎಲ್ಲಿದೆ, ಇವನಂತೂ ಕೆರೆಯ ಏರಿಗೂ ಹೆದರಿ ದೂರ ನಡೆಯುವವನು, ಎದೆಯ ಪರೀಕ್ಷೆ ಮಾಡುವಾಗ ಆಸ್ಪತ್ರೆಯವರು ಹಾಕಿಸುವ ಚಡ್ಡಿ ಇರಬೇಕು ಅಂದುಕೊಂಡಳು, ದೇವರಾಣೆ ಹಾಗೇ ಅಂದುಕೊಂಡಳು, ನನ್ನ ಗಂಡನ ಜೀವ ಉಳಿಸಿದ ಬಟ್ಟೆ ಅಂತ ಬಿಸಿನೀರಿನಲ್ಲಿ, ಒಳ್ಳೆ ಸೋಪಿನಲ್ಲಿ, ತನ್ನ ಕೈಯಾರೆ ಒಗೆದು ಅಂಗಳದ ಹಗ್ಗದ ನಟ್ಟನಡುವೆ ಹಾಕಿದಳು, ಗಡಿಬಿಡಿಯಲ್ಲಿ ಸರಿಯಾಗಿ ಹಿಂಡಲಿಲ್ಲ. ಅವತ್ತೇ ಅಪ್ಪ ಬಂದ. ಮಂತ್ರಿಯ ಕಾರಿಲ್ಲ, ಬಾಡಿಗೆ ಆಟೊದಲ್ಲಿ, ಕಾಯಿಲೆ ಅಳಿಯನಿಗೆ ಅಂತ ಎಳನೀರಿನ ಗೊನೆ ಹಿಡಿದುಕೊಂಡು, ಒಳಗೆ ಮಲಗಿದ್ದಾನಾ, ಎಬ್ಬಿಸ್ಬೇಡಮ್ಮ, ಮಲಗ್ಲಿ, ಅಂದು ಅಂಗಳದಲ್ಲೇ ಕುರ್ಚಿ ಎಳೆದುಕೊಂಡು ಕೂತ, ಆ ಹಗ್ಗದ ಕೆಳಗೆ. ಬಿಳಿ ಜುಬ್ಬಾದ ಹೆಗಲ ಮೇಲೆ ಒಂದು ಹನಿ, ಅಪ್ಪ ಕೈಯಿಂದ ಒರೆಸಿಕೊಂಡ, ಇನ್ನೊಂದು ಹನಿ, ಬಣ್ಣ ಬಿಡುವ ಹಾಳು ಬಟ್ಟೆ, ಬೆರಳಿಗೆ ಕೆಂಪು ಹತ್ತಿತು, ಅಪ್ಪ ಬೆರಳು ನೋಡಿದ, ತಲೆಯೆತ್ತಿ ಮೇಲೆ ನೋಡಿದ, ತುಂಬಾ ಹೊತ್ತು ನೋಡಿದ, ಆಮೇಲೆ ಒಂದು ಮಾತು ಕೇಳಿದ, ಒಂದೇ ಮಾತು, ಮೆಲ್ಲಗೆ, ಆ ಮಾತಿನಿಂದ ಅವಳಿಗೆ ಅದು ಏನು, ಎಂಥ ಕೊಳದಲ್ಲಿ ನೆನೆದದ್ದು, ಫೋನಿನಲ್ಲಿ ನಕ್ಕವರು ಯಾರು, ಎಲ್ಲ ಒಟ್ಟಿಗೆ ತಿಳಿದುಹೋಯಿತು. ಅಪ್ಪ ಆಮೇಲೆ ಆ ಮಾತು ಎತ್ತಲಿಲ್ಲ, ಯಾರಿಗೂ ಹೇಳಲಿಲ್ಲ, ಮಗಳ ಗಂಡ, ಹೇಗೆ ಹೇಳುತ್ತಾನೆ, ಎಳನೀರು ಒಳಗಿಟ್ಟು ಎದ್ದು ಹೋದ, ಬಂದ ಚುನಾವಣೆಯಲ್ಲಿ ಸೋತ, ಮುಂದಿನ ಮಾವಿನ ಸುಗ್ಗಿ ನೋಡಲಿಲ್ಲ.

ಅವತ್ತಿನಿಂದ ಅವಳು ಗುರುವಪ್ಪನ ಒಂದು ಬಟ್ಟೆಯನ್ನೂ ಒಗೆದಿಲ್ಲ. ದೋಬಿಗೆ ಹಾಕುತ್ತಾಳೆ, ಕೆಲಸದವಳಿಗೆ ಹಾಕುತ್ತಾಳೆ, ಈಗ ಮಿಷನ್ನಿಗೆ ಕೆಲಸದವಳೇ ತುಂಬುತ್ತಾಳೆ, ದಿಲ್ಲಿಯಲ್ಲಿ ಯಾರೂ ಸಿಗದಿದ್ದಾಗ ಅವನ ಕೊಳೆ ಬನಿಯನ್ನುಗಳು ಮೂಲೆಯಲ್ಲಿ ರಾಶಿ ಬಿದ್ದು ನಾರುತ್ತಿದ್ದವು, ಇವಳು ಅದರ ಪಕ್ಕದಲ್ಲೇ ಕೂತು ತನ್ನ ಸೀರೆ ಒಗೆದುಕೊಳ್ಳುತ್ತಿದ್ದಳು, ಅವನಿಗೆ ಇಷ್ಟು ವರ್ಷದಲ್ಲಿ ಅದು ತಿಳಿದಿಲ್ಲ, ಗಂಗಂಗೆ ಕೈನೋವು ಅಂತ ಬಂದವರಿಗೆಲ್ಲ ಹೇಳುತ್ತಾನೆ, ಆ ಚಡ್ಡಿ ಎಲ್ಲಿ ಹೋಯಿತು ಅಂತಲೂ ಕೇಳಲಿಲ್ಲ, ಒಲೆಗೆ ಹೋಯಿತು, ಕೆಟ್ಟ ಹೊಗೆ ಬಂತು. ಹೇಳಬಹುದಾಗಿತ್ತು, ಆಗಲೇ, ಮುಖಕ್ಕೆ ಹೊಡೆದ ಹಾಗೆ, ಆದರೆ ಇಂಥವನೊಂದಿಗೆ ಜಗಳ ಆಡಬೇಕೆಂದರೂ ಅವನನ್ನು ಮನುಷ್ಯ ಅಂತ ಒಪ್ಪಿಕೊಳ್ಳಬೇಕು, ಅವಳಿಗೆ ಅಷ್ಟೂ ಮನಸ್ಸಾಗಲಿಲ್ಲ. ಅಪ್ಪ ಬಾಯಿ ಮುಚ್ಚಿಕೊಂಡು ಹೋದ ಗುಟ್ಟು, ಮಗಳೂ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತದೆ ಅಂದುಕೊಂಡಳು, ಯಾರ ಮಾನ, ಅಮ್ಮಾವ್ರೇ ಬಂತು, ಅನ್ನುತ್ತಾನೆ ಕದಿರೇಶ್, ಗುರುವಪ್ಪ ಬೆಚ್ಚಿ ಎದ್ದು ಕನ್ನಡಿ ನೋಡಿಕೊಂಡು ಮೀಸೆ ತೀಡುತ್ತಾನೆ.

ಜನ, ಕ್ಯಾಮೆರಾ, ತೆಂಗಿನಕಾಯಿ, ಹೂವು, ಕೊಳದ ಮೆಟ್ಟಿಲ ಆ ತುದಿಯಲ್ಲಿ ಶ್ರೀರಾಮಪ್ಪ ಹೊಟ್ಟೆ ಬಿಟ್ಟುಕೊಂಡು ಆಗಲೇ ಮುಳುಗಿ ಎದ್ದು ನಡುಗುತ್ತಿದ್ದಾನೆ, ಧನುರ್ಮಾಸದ ನೀರು, ಹಿಂದೆ ಶ್ರೀನಿವಾಸಪುರದಿಂದ ವ್ಯಾನು ಮಾಡಿಕೊಂಡು ಬಂದ ಅಪ್ಪನ ಕಾಲದ ಮುದುಕರು, ಒಬ್ಬಿಬ್ಬರಿಗೆ ನಿಲ್ಲಲೂ ಆಗುತ್ತಿಲ್ಲ, ಅವಳನ್ನು ಕಂಡು ಕೈ ಮುಗಿಯುತ್ತಾರೆ, ನೀನು ಹೇಳಮ್ಮ, ನಾವು ನಂಬ್ತೀವಿ, ಅನ್ನುವ ಮುಖಗಳು, ಗುರುವಪ್ಪ ಪಂಚೆ ಕಟ್ಟಿ ಮೆಟ್ಟಿಲಿನ ಕಂಬಿ ಭದ್ರವಾಗಿ ಹಿಡಿದುಕೊಂಡು ಮುಳುಗುತ್ತಾನೆ, ನೀರಿಗೆ ಇನ್ನೂ ಹೆದರುತ್ತಾನೆ, ಎದ್ದರೆ ತಲೆಯ ಬಣ್ಣ ಇಳಿದು ಕಿವಿಯ ಹಿಂದೆ, ಕತ್ತಿನ ಮೇಲೆ, ಬೆನ್ನ ಮೇಲೆ ಕರಿಗೆರೆಗಳು, ಟೀವಿಯವರು ಅದನ್ನೇ ಹತ್ತಿರದಿಂದ ಹಿಡಿಯುತ್ತಾರೆ, ಅವಳೂ ಮುಳುಗುತ್ತಾಳೆ, ನೀರು ತಲೆಯ ಮೇಲೆ ಕೂಡಿಕೊಂಡಾಗ ಒಂದು ಕ್ಷಣ ಯಾವ ಗಂಟಲೂ ಕೇಳಿಸುವುದಿಲ್ಲ, ಎಷ್ಟು ಹಾಯಿ, ಎದ್ದರೆ ಮತ್ತೆ ಅದೇ, ಗಂಗಾ ಒಂದೇ ವಾಕ್ಯ. ಗಣಪತಿಯ ಮುಂದೆ ತಟ್ಟೆ, ತಟ್ಟೆಯಲ್ಲಿ ಕರ್ಪೂರ, ಹೇಳಿ ಅಂಗೈಯಿಂದ ತಟ್ಟಿ ಆರಿಸಿದರೆ ಮುಗಿಯಿತು, ಗುರುವಪ್ಪ ಆದ ನಾನು, ಅನ್ನುತ್ತಾನೆ, ಅಯ್ಯೋ ಅಂದೇಬಿಟ್ಟ, ವಿಧಿಯ ಮೂಲಕ ಸ್ಥಾಪಿತವಾದ, ಅನ್ನುತ್ತಾನೆ, ಶ್ರೀರಾಮಪ್ಪನ ಕಡೆಯವರು ಕಿಸಕ್ಕನೆ ನಗುತ್ತಾರೆ, ತಡವರಿಸಿ ತಿದ್ದಿಕೊಂಡು, ಅವತ್ತು ನಾನು ಆಸ್ಪತ್ರೇಲಿದ್ದೆ, ನಮ್ಮ ಮಾವನಿಗೆ ಮೋಸ ಮಾಡ್ಲಿಲ್ಲ, ಅನ್ನುತ್ತಾನೆ, ಅನ್ನುವಾಗ ಗಂಟಲು ಗದ್ಗದ, ಅಂಗೈ ಫಟ್ಟನೆ ಬೀಳುತ್ತದೆ, ಮುಗಿಯಿತು, ಎಷ್ಟು ಸಲೀಸು, ಗಣಪತಿ ಕಲ್ಲಿನ ಹಾಗೆ ಕೂತಿದ್ದಾನೆ.

ಹೊಸ ಕರ್ಪೂರ ಅವಳ ಮುಂದೆ. ಚೆಪ್ಪಮ್ಮಾ, ಹೇಳಮ್ಮಾ, ಅನ್ನುತ್ತಾರೆ ಪೂಜಾರಿ, ನಿನ್ನ ಗಂಡ ಆವತ್ತು ಎಲ್ಲಿದ್ದರು, ಸ್ವಾಮಿ ಮುಂದೆ ಚೆಪ್ಪಮ್ಮಾ, ಉರಿ ನೀಲಿಯಾಗಿ ಹಳದಿಯಾಗಿ ಓಲಾಡುತ್ತದೆ, ಹೇಳೇ, ಪಕ್ಕದಿಂದ ತುಟಿ, ಮುದುಕರು ಕೈ ಮುಗಿದೇ ನಿಂತಿದ್ದಾರೆ, ನೀನು ಹೇಳಿದರೆ ನಂಬುತ್ತಾರೆ, ಅವನ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿದೆ, ಕಲ್ಲಿನ ಮೇಲೆ ಟಪ್, ಟಪ್, ಸರಿಯಾಗಿ ಹಿಂಡಿಲ್ಲ, ಬಿಳಿ ಜುಬ್ಬಾದ ಮೇಲೆ ಒಂದು ಹನಿ, ಬೆರಳಿಗೆ ಕೆಂಪು, ಅಪ್ಪ ತಲೆಯೆತ್ತುತ್ತಾನೆ, ಸಿಟ್ಟಿಲ್ಲ, ಮುಖದಲ್ಲಿ ಒಂದಿಷ್ಟೂ ಸಿಟ್ಟಿಲ್ಲ, ಅದೇ ತಡೆಯಲಾಗುವುದಿಲ್ಲ, ಮೆಲ್ಲಗೆ ಕೇಳುತ್ತಾನೆ, ಗುರುವಪ್ಪ ಈಜು ಯಾವಾಗ ಕಲಿತನಮ್ಮ — ಅವತ್ತು ಉತ್ತರ ಕೊಡಲಿಲ್ಲ, ಉತ್ತರ ಬಾಕಿ ಇದೆ ಅಪ್ಪಾ, ಇರು — ಈಜ್ತಾ ಇದ್ರು ಸ್ವಾಮಿ, ಅನ್ನುತ್ತಾಳೆ ಗಂಗಾಲಕ್ಷ್ಮಿ, ಆಸ್ಪತ್ರೇಲಿರ್ಲಿಲ್ಲ, ರೆಸಾರ್ಟಲ್ಲಿ ಈಜ್ತಾ ಇದ್ರು, ಆ ಚಡ್ಡಿ ಒಗೆದೋಳು ನಾನು, ನಮ್ಮಪ್ಪಂಗೂ ಗೊತ್ತಿತ್ತು, ಅಂಗೈ ಉರಿಯ ಮೇಲೆ ಬೀಳುತ್ತದೆ, ಆರುತ್ತದೆ, ಸುಟ್ಟದ್ದು ಗೊತ್ತಾಗುವುದಿಲ್ಲ, ಯಾರೋ ಕೂಗುತ್ತಿದ್ದಾರೆ, ಯಾರೋ ಅವಳ ತೋಳು ಹಿಡಿದು ಎಳೆಯುತ್ತಿದ್ದಾರೆ, ಬಣ್ಣ ಇಳಿದ ಮೀಸೆಯ ಕೆಳಗೆ ತುಟಿ ಅಲ್ಲಾಡುತ್ತಿದೆ, ಸದ್ದು ಬರುತ್ತಿಲ್ಲ, ಅಂಗಳದಲ್ಲಿ ಬಿಸಿಲು, ಕುರ್ಚಿಯ ಪಕ್ಕ ಎಳನೀರಿನ ಗೊನೆ, ಹಗ್ಗದ ಮೇಲೆ ಕೆಂಪು ಚಡ್ಡಿ, ಅದರ ತುದಿಯಲ್ಲಿ ಒಂದು ಹನಿ, ದಪ್ಪಗಾಗುತ್ತದೆ, ತೂಗುತ್ತದೆ, ಕೆಳಗೆ ಅಪ್ಪನ ಬಿಳಿ ಹೆಗಲು